ತಾಂಡ್ಯದ ಶೆಡ್ಡಿಗೆ ಬಂದ ಜೀಪುಗಳು

ನಂಜನಗೂಡು–ನರಸೀಪುರದ ಕಡೆ ಜೀಪು ಇಟ್ಟುಕೊಂಡವರು ಎರಡು ಬಗೆಯ ನೆಲದ ಜತೆ ಏಗಬೇಕು. ಒಂದು ಎರೆ ನೆಲ. ಬೇಸಿಗೆಯಲ್ಲಿ ಪಾದ ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ ಹೊಲ, ನಾಲ್ಕು ಮಳೆ ಬಿದ್ದರೆ ಸಾಕು, ಟೈರಿಗೆ ಮೆತ್ತಿಕೊಂಡು ಮಡ್‌ಗಾರ್ಡಿನೊಳಗೆಲ್ಲ ತುಂಬಿಕೊಂಡು ಕಡೆಗೆ ಚಕ್ರವೇ ತಿರುಗದ ಹಾಗೆ ಹಿಡಿದುಬಿಡುತ್ತದೆ. ಇನ್ನೊಂದು ತಲಕಾಡಿನ ಮರಳು. ಎರೆಗೆ ಸಪೂರ ಟೈರು ಬೇಕು, ಮೇಲಿನ ಕೆಸರನ್ನು ಸೀಳಿಕೊಂಡು ಹೋಗಿ ಕೆಳಗಿನ ಗಟ್ಟಿ ನೆಲ ಹಿಡಿಯಬೇಕು. ಮರಳಿನಲ್ಲಿ ಅದೇ ಸಪೂರ ಟೈರು ಗುಂಡಿ ತೋಡಿಕೊಂಡು ಕೂತುಬಿಡುತ್ತದೆ, ಅಲ್ಲಿ ಅಗಲ ಬೇಕು. ಹಾಗಂತ ಇಲ್ಲಿನ ರೈತರು ಎರಡು ಜತೆ ಟೈರು ಇಟ್ಟುಕೊಂಡವರಲ್ಲ. 6.00-16 ಅಳತೆಯ, ಮಿಲಿಟರಿ ಕಚ್ಚಿನ ಒಂದೇ ಜತೆ. ಹೊಳೆ ದಡದ ಮರಳಿಗೆ ಇಳಿಯುವ ದಿನ ಗಾಳಿ ಅರ್ಧಕ್ಕರ್ಧ ಬಿಟ್ಟು ಟೈರನ್ನು ಹರವಿಕೊಳ್ಳುವುದು, ಮೇಲಕ್ಕೆ ಬಂದ ಮೇಲೆ ಪಂಪು ಹೊಡೆದುಕೊಳ್ಳುವುದು.

ನನಗೆ ಇದೆಲ್ಲ ತಿಳಿದದ್ದು ಅಪ್ಪನ ಶೆಡ್ಡಿನಲ್ಲಿ. ಮೈಸೂರಿನಿಂದ ನಂಜನಗೂಡಿಗೆ ಬರುವಾಗ ಕಪಿಲೆ ದಾಟುವುದಕ್ಕೆ ಮೊದಲೇ ತಾಂಡ್ಯ. ಕೈಗಾರಿಕಾ ಪ್ರದೇಶವಾದ ಮೇಲೆ ಹೊರಗಿನವರಿಗೆ ಅಲ್ಲಿ ಕಾಣುವುದು ದೊಡ್ಡ ಕಾಂಪೌಂಡುಗಳು, ಶಿಫ್ಟು ಬಿಟ್ಟಾಗ ಹೊರಗೆ ಬರುವ ಬಸ್ಸುಗಳು. ಆ ಕಾರ್ಖಾನೆಗಳ ಆಸುಪಾಸಿನಲ್ಲಿ ತಗಡಿನ ಶೆಡ್ಡುಗಳೂ ಇವೆ. ಒಂದು ಲೇತು, ಒಂದು ಡ್ರಿಲ್ಲಿಂಗ್ ಮಿಷನ್ನು, ಒಂದು ವೆಲ್ಡಿಂಗ್ ಸೆಟ್ಟು, ಅಷ್ಟೇ ಬಂಡವಾಳ. ಅಪ್ಪನದು ಅಂಥದ್ದೊಂದು. ಅವರು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ಕೈ ಪಳಗಿಸಿಕೊಂಡವರು ಮೈಸೂರು ಸೀಮೆಯಲ್ಲೆಲ್ಲ ಚದುರಿಹೋದರು. ಮೈಸೂರಿನ ಗಲ್ಲಿಗಳ ಹಳೇ ಗ್ಯಾರೇಜುಗಳಲ್ಲಿ ಇವತ್ತಿಗೂ ಜಾವಾದ ಹೆಸರು ಹೇಳುವ ಒಬ್ಬ ಹಿರಿಯ ಸಿಕ್ಕೇ ಸಿಗುತ್ತಾರೆ. ಅಪ್ಪ ಊರ ಹತ್ತಿರಕ್ಕೆ ಬಂದು ಲೇತು ಹಾಕಿಕೊಂಡರು. ಕಾರ್ಖಾನೆಗಳಿಗೆ ಪಿನ್ನು, ಬುಷ್ಷು, ರೋಲರು ಮಾಡಿಕೊಡುವುದು ಅಂತ ಲೆಕ್ಕ. ಜೀಪು ಅವರ ಲೆಕ್ಕದಲ್ಲಿ ಇರಲೇ ಇಲ್ಲ.

ಹೊಳೆಯಾಚೆಯ ಬಾಳೆ ಬೆಳೆಗಾರರೊಬ್ಬರು ಜೀಪಿನ ಸ್ಪ್ರಿಂಗ್ ಪ್ಲೇಟು ಹಿಡಿದಿಡುವ, ಸವೆದುಹೋದ ಒಂದು ಶ್ಯಾಕಲ್ ಪಿನ್ನು ಹಿಡಿದುಕೊಂಡು ಬಂದರು. ಅಂಗಡಿಯಲ್ಲಿ ಸಿಗುವ ಪಿನ್ನು ಹಾಕಿದರೆ ಆರು ತಿಂಗಳಿಗೆ ಗಡಗಡ ಅನ್ನುತ್ತೆ, ನೀವೇ ಒಂದು ಮಾಡಿಕೊಡಿ ಮೇಸ್ತ್ರಿ ಅಂದರು. ಅಪ್ಪ ಪಿನ್ನು ನೋಡಲಿಲ್ಲ. ‘ಗಾಡಿ ಎಲ್ಲದೆ ಬುದ್ಧಿ?’ ಅಂತ ಕೇಳಿ, ಹೊರಗೆ ಬಂದು, ಜೀಪಿನ ಕೆಳಗೆ ಮಲಗಿ, ಬುಷ್ಷಿನ ತೂತೇ ಮೊಟ್ಟೆಯಾಕಾರಕ್ಕೆ ತಿಂದುಹೋಗಿದೆ ಅಂತ ತೋರಿಸಿದರು. ಗನ್‌ಮೆಟಲ್ ಬುಷ್ಷು ಕಡೆದು, ಅದಕ್ಕೆ ಗ್ರೀಸು ಹೋಗುವ ಕಾಲುವೆ ಕೊರೆದು, ಪಿನ್ನನ್ನೂ ಅದಕ್ಕೆ ಹೊಂದಿಸಿ ಕೊಟ್ಟರು. ಆಮೇಲೆ ಒಬ್ಬರಿಂದ ಒಬ್ಬರಿಗೆ ಮಾತು ಹೋಯಿತು. ಭಾನುವಾರ ಕಾರ್ಖಾನೆಯ ಕೆಲಸ ಇರುತ್ತಿರಲಿಲ್ಲವಲ್ಲ, ಶೆಡ್ಡಿನ ಮುಂದಿನ ಬೇವಿನ ಮರದ ಕೆಳಗೆ ಜೀಪುಗಳು ನಿಲ್ಲತೊಡಗಿದವು.

ಡಿಪ್ಲೊಮಾ ಓದುತ್ತಿದ್ದ ನನಗೆ ಭಾನುವಾರದ ಎರಡು ಕೆಲಸ. ಗಾಡಿಯ ಕೆಳಗೆ ಲೈಟು ಹಿಡಿಯುವುದು, ಪುಸ್ತಕ ಬರೆಯುವುದು. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ, ರಟ್ಟು ಡೀಸೆಲ್ ಕುಡಿದು ಕಪ್ಪಾಗಿದೆ. ಅದರಲ್ಲಿ ಮಾಲೀಕರ ಹೆಸರಿಲ್ಲ. ‘ಸಂಗಮದ ಹಸಿರು’, ‘ಹುಲ್ಲಹಳ್ಳಿ ಜಿಪ್ಸಿ’, ‘ತಲಕಾಡು ಪೆಟ್ರೋಲು’, ‘ಮೈಸೂರು ಜೋಂಗಾ’ – ಹೀಗೆ ಗಾಡಿಗೊಂದು ಪುಟ. ಯಾವ ಬುಷ್ಷಿನ ಒಳಅಳತೆ ಎಷ್ಟು, ಯಾವ ಕಡೆಯ ನಕಲ್‌ನಲ್ಲಿ (ಮುಂದಿನ ಚಕ್ರ ತಿರುಗುವ ಗೆಣ್ಣಿನಲ್ಲಿ) ಎಷ್ಟು ಶಿಮ್ಮು (ತೆಳು ತಗಡು) ಇದೆ, ಯಾವ ಬೋಲ್ಟು ಮೂಲದ್ದಲ್ಲ, ಅದರ ಬದಲಿಗೆ ಯಾವ ಕಚ್ಚಿನದು ಹಾಕಿದೆ. ದುಡ್ಡಿನ ಲೆಕ್ಕ ಬೇರೆ ಪುಸ್ತಕ. ‘ಈ ಗಾಡೀನ ನಾಳೆ ಇನ್ನೊಬ್ಬ ಬಿಚ್ತಾನೆ ಕನವ್ವ. ನಾವು ಏನು ಮಾಡಿದ್ವಿ ಅಂತ ಅವನಿಗೆ ಗೊತ್ತಾಗ್ಬೇಕು. ಮುಂದಿನ ಮೇಸ್ತ್ರಿ ನಮ್ಮನ್ನ ಬಯ್ಯಬಾರ್ದು’ ಅನ್ನುತ್ತಿದ್ದರು. ನಾನು ಮುಂದೆ ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗ ಸೇರಿದೆ. ಅಲ್ಲಿ ಕಲಿತದ್ದು ಬಹಳ ಇದೆ. ಆದರೆ ಯಂತ್ರದ ಬಗ್ಗೆ ನನಗಿರುವ ನಂಬಿಕೆಯೆಲ್ಲ ಈ ಒಂದು ಮಾತಿನ ಮೇಲೇ ನಿಂತಿದೆ.

ಆಗ ಬರುತ್ತಿದ್ದವುಗಳಲ್ಲಿ ಹೆಚ್ಚಿನವು ಮಹೀಂದ್ರ ಗಾಡಿಗಳು. ಅಮೆರಿಕದ ವಿಲ್ಲೀಸ್ ಜೀಪನ್ನು ಬಿಡಿಭಾಗಗಳಾಗಿ ತರಿಸಿ ಮುಂಬೈಯಲ್ಲಿ ಜೋಡಿಸುತ್ತಾ ಗಾಡಿ ಮಾಡಲು ಶುರುಮಾಡಿದ ಕಂಪನಿ ಅದು. ಎತ್ತರದ ಬಾನೆಟ್ಟಿನ ಸಿಜೆ3ಬಿ ಅಮೆರಿಕದಲ್ಲಿ 1968ಕ್ಕೆ ನಿಂತುಹೋದರೂ ನಮ್ಮಲ್ಲಿ ಅದರ ವಂಶ ಬೆಳೆಯುತ್ತಲೇ ಹೋಯಿತು. 1979ರಲ್ಲಿ ಫ್ರಾನ್ಸಿನ ಪ್ಯೂಜೊ ಜತೆ ಒಪ್ಪಂದವಾಗಿ ಅವರ 2112 ಸಿಸಿ ಡೀಸೆಲ್ ಎಂಜಿನ್ನನ್ನು ಇಲ್ಲೇ ಮಾಡಲು ಪರವಾನಗಿ ಸಿಕ್ಕಿತು. ಎಂಎಂ540 ಅನ್ನುವ ಗಾಡಿ ಬಂದದ್ದು ಆ ಎಂಜಿನ್ನಿನ ಬಲದ ಮೇಲೆ. ಬೆಳಗ್ಗೆ ಹೀಟರ್ ಹಾಕಿ, ಒಂದಿಷ್ಟು ಹೊತ್ತು ಕಾದು, ಸೆಲ್ಫ್ ಹೊಡೆದರೆ ಒಂದು ಬಗೆಯ ಮೆತ್ತನೆಯ ಟಕಟಕ ಸದ್ದಿನಲ್ಲಿ ಏಳುತ್ತದೆ. ಆಮೇಲೆ ಬಂದ ಡಿಐ ಎಂಜಿನ್ನಿನ ಬಡಿತವೇ ಬೇರೆ. ಊರೊಳಗೆ ಯಾವ ಗಾಡಿ ಬಂತು ಅಂತ ಮನೆಯೊಳಗೆ ಕೂತೇ ಹೇಳಬಹುದು. ಪಂಪು, ನಾಝಲ್ಲು ಬೆಂಗಳೂರಿನ ಮೈಕೊ ಕಂಪನಿಯದ್ದಾಗಿದ್ದರೆ ಅದಕ್ಕೆ ಬೇಕಾದ್ದು ಜೆ.ಸಿ. ರಸ್ತೆಯಲ್ಲಿ ಸಿಗುತ್ತಿತ್ತು, ಸಿಗದೇ ಇದ್ದದ್ದು ಶಿವಾಜಿನಗರದ ಗುಜರಿಯಲ್ಲಿ ಸಿಗುತ್ತಿತ್ತು.

ಜಿಪ್ಸಿಯವರು ಸ್ವಲ್ಪ ಬೇರೆ ಮಂದಿ. 1985ರಲ್ಲಿ ಮಾರುತಿ ತಂದ ಆ ಗಾಡಿ ಹಗುರ, ಪೆಟ್ರೋಲ್, ಕೆಸರಿನ ಮೇಲೆ ಮೇಕೆಮರಿಯ ಹಾಗೆ ಹಾರಿಕೊಂಡು ಹೋಗುತ್ತದೆ. ಜೋಂಗಾ ಅಂದರೆ ಇನ್ನೊಂದು ತುದಿ. ನಿಸ್ಸಾನ್ ಮಾದರಿಯನ್ನು ಜಬಲ್‌ಪುರದಲ್ಲಿ ಸೇನೆಗಾಗಿ ಮಾಡುತ್ತಿದ್ದದ್ದು, ಆರು ಸಿಲಿಂಡರಿನ, ಸುಮಾರು ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನ್ನು. ಡಿಸ್ಪೋಸಲ್ ಹರಾಜಿನಲ್ಲಿ ಕೊಂಡ ಮೈಸೂರಿನವರೊಬ್ಬರು ಅದನ್ನು ತಂದು ನಿಲ್ಲಿಸಿದ ದಿನ ಅಕ್ಕಪಕ್ಕದ ಶೆಡ್ಡಿನವರೆಲ್ಲ ಕೆಲಸ ಬಿಟ್ಟು ಬಂದಿದ್ದರು. ಮಿಲಿಟರಿ ಬಣ್ಣ ಒರೆಸಿದರೂ ಹೋಗದಷ್ಟು ದಪ್ಪ. ಅಪ್ಪ ಅದರ ಹೌಸಿಂಗಿನ ಮೇಲೆ ಕೈಯಾಡಿಸಿ, ‘ಇದನ್ನ ಮಾಡ್ದೋರು ಕಬ್ಬಿಣಕ್ಕೆ ಕಂಜೂಸಿ ಮಾಡಿಲ್ಲ’ ಅಂದರು.

ಎಲ್ಲ ಮಾಲೀಕರೂ ಹೇಳಿಕೊಂಡು ಬರುತ್ತಿದ್ದ ಕಾಯಿಲೆ ಒಂದೇ: ಐವತ್ತು ದಾಟಿದರೆ ಸ್ಟೇರಿಂಗು ಕೈಯಲ್ಲಿ ನಿಲ್ಲುವುದಿಲ್ಲ. ಹೊಂಡದಲ್ಲೊಂದು ಏಟು ಬಿದ್ದರೆ ಮುಂದಿನ ಎರಡೂ ಚಕ್ರ ತಲೆ ಕೊಡವಲು ಶುರುಮಾಡುತ್ತವೆ, ಗಾಡಿ ಪೂರ್ತಿ ನಿಲ್ಲಿಸುವತನಕ ಬಿಡುವುದಿಲ್ಲ. ಅಷ್ಟು ಹೊತ್ತಿಗೆ ಅವರು ಟೈರು ಬದಲಿಸಿ, ಸ್ಟೇರಿಂಗ್ ಬಾಕ್ಸು ಬದಲಿಸಿ, ದುಡ್ಡು ಸುರಿದು ಸಾಕಾಗಿ ಬಂದಿರುತ್ತಿದ್ದರು. ಅಪ್ಪ ಮುಂದಿನ ಎಕ್ಸಲ್ಲಿಗೆ ಜಾಕು ಕೊಟ್ಟು ಚಕ್ರ ನೆಲ ಬಿಡಿಸಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸುತ್ತಿದ್ದರು. ಟಕ್ ಅಂದರೆ ಮುಗಿಯಿತು, ಕಿಂಗ್ ಪಿನ್ನಿನ ಬೇರಿಂಗು.

ಆ ಕೆಲಸವನ್ನು ನಾನು ಎಷ್ಟು ಹತ್ತಿರದಿಂದ ನೋಡಿದ್ದೇನೆಂದರೆ ಈಗ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಚಕ್ರ, ಡ್ರಮ್ಮು, ಹಬ್ಬು ತೆಗೆದ ಮೇಲೆ ಕಬ್ಬಿಣದ ದೊಡ್ಡ ಗುಂಡು ಕಾಣುತ್ತದೆ. ಅದರ ಹಿಂಭಾಗದಲ್ಲಿ ಒರೆಸಿಕೊಂಡಿರುವ ಉಣ್ಣೆಯ ಸೀಲು ಒಣಗಿ ಹರಿದಿದ್ದರೆ ಒಳಗಿನ ಗ್ರೀಸೆಲ್ಲ ಎರೆ ಮಣ್ಣಿನ ಜತೆ ಕಲೆತು ಮಸಿಗಾರೆಯಾಗಿ ಕೂತಿರುತ್ತದೆ. ಅದನ್ನು ಕಡ್ಡಿಯಿಂದ ಕೆರೆದು, ಒಂದೊಂದು ಭಾಗವನ್ನೂ ಡೀಸೆಲ್ಲಿನ ತಟ್ಟೆಯಲ್ಲಿ ತೊಳೆದು, ಗೋಣಿಚೀಲದ ಮೇಲೆ ಬಿಚ್ಚಿದ ಕ್ರಮದಲ್ಲೇ ಇಡಬೇಕು. ಬೇರಿಂಗಿನ ಕಪ್ಪನ್ನು ಅಪ್ಪ ಬೆಳಕಿಗೆ ಹಿಡಿದು ಉಗುರಿನಿಂದ ಗೀರುತ್ತಿದ್ದರು. ಉಗುರಿಗೆ ಗೆರೆ ಸಿಕ್ಕಿದರೆ ಕಪ್ಪು ಹೋಯಿತು ಅಂತ. ಹೊಸದು ಕೂರಿಸಿದ ಮೇಲೆ ಶಿಮ್ಮು. ಕಾಗದಕ್ಕಿಂತ ತೆಳ್ಳಗಿನವೂ ಇರುತ್ತವೆ. ಮೇಲಿನ ಟೋಪಿಯಿಂದ ಒಂದು ತೆಗೆದರೆ ಕೆಳಗಿನದರಿಂದಲೂ ಅಷ್ಟೇ ತೆಗೆಯಬೇಕು, ಇಲ್ಲದಿದ್ದರೆ ಒಳಗೆ ತಿರುಗುವ ಶಾಫ್ಟು ನಡುವಿಗೆ ನಿಲ್ಲುವುದಿಲ್ಲ. ಬಿಗಿ ಎಷ್ಟಿರಬೇಕು ಅಂತ ನೋಡಲು ಅಪ್ಪ ರೇಷ್ಮೆಗೂಡು ತೂಗುವ ಸ್ಪ್ರಿಂಗ್ ತಕ್ಕಡಿಯೊಂದನ್ನು ಇಟ್ಟುಕೊಂಡಿದ್ದರು. ಸ್ಟೇರಿಂಗಿನ ತೋಳಿಗೆ ಕೊಕ್ಕೆ ಸಿಕ್ಕಿಸಿ ನಿಧಾನವಾಗಿ ಎಳೆಯುವುದು, ನಕಲ್ ಅಲುಗಿದ ಕ್ಷಣ ಮುಳ್ಳು ಎಲ್ಲಿದೆ ಅಂತ ನೋಡಿ ನನಗೆ ಹೇಳುವುದು. ನಾನು ಬರೆದುಕೊಳ್ಳುವುದು. ಮಾಲೀಕರಲ್ಲಿ ಕೆಲವರು ಆ ಹೊತ್ತಿಗೆ ತಾವೂ ಬಗ್ಗಿ ತಕ್ಕಡಿಯ ಮುಳ್ಳು ನೋಡುತ್ತಿದ್ದರು. ಅಂಥವರ ಗಾಡಿ ಬಹಳ ವರ್ಷ ಬಾಳಿತು. ಕಾಫಿ ಕುಡಿದು ಬರ್ತೀನಿ ಅಂತ ಹೋದವರ ಗಾಡಿ ಮತ್ತೆ ಮತ್ತೆ ಬಂತು. ಹಳೇ ಗಾಡಿಯನ್ನು ಉಳಿಸುವುದು ಮೇಸ್ತ್ರಿಯಲ್ಲ, ನೋಡುವ ಮಾಲೀಕ ಅಂತ ನನಗೆ ಆಗಲೇ ಅನ್ನಿಸಿತ್ತು.

ಲೇತಿನಲ್ಲಿ ಆಗದ ಕೆಲಸಕ್ಕೆ ಬೇರೆ ಕೈಗಳು ಬೇಕಿದ್ದವು. ಸ್ಪ್ರಿಂಗ್ ಪ್ಲೇಟು ಜಗ್ಗಿ ಗಾಡಿ ಒಂದು ಮಗ್ಗುಲಿಗೆ ವಾಲಿದರೆ ಹೆದ್ದಾರಿ ಬದಿಯಲ್ಲಿ ಪ್ಲೇಟು ಬಡಿಯುವವರ ಹತ್ತಿರ ಹೋಗಬೇಕು. ಲಾರಿಯವರೇ ಅವರ ಗಿರಾಕಿಗಳು, ಜೀಪಿನ ಪ್ಲೇಟು ಅವರಿಗೆ ಮಕ್ಕಳಾಟ. ಆದರೂ ಅವರಲ್ಲಿ ಒಬ್ಬರ ಕೈ ನೋಡಬೇಕಿತ್ತು. ಕಟ್ಟು ಬಿಚ್ಚಿ, ಒಂದೊಂದೇ ಪ್ಲೇಟನ್ನು ಒಳಮೈ ಮೇಲಕ್ಕೆ ಮಾಡಿ ನಡುವೆ ತಗ್ಗಿರುವ ದಿಮ್ಮಿಯ ಮೇಲಿಟ್ಟು, ಒಂದು ತುದಿಯಿಂದ ಇನ್ನೊಂದು ತುದಿಗೆ ಸಣ್ಣ ಸಣ್ಣ ಏಟು ಕೊಡುತ್ತಾ ಹೋಗುತ್ತಿದ್ದರು. ಕುಲುಮೆಗೆ ಹಾಕುವುದಿಲ್ಲ. ಕಾಯಿಸಿದರೆ ಉಕ್ಕಿನ ಕಸುವು ಹೋಗುತ್ತದೆ ಅಂತ ಅವರಿಗೆ ಯಾವ ಪಾಲಿಟೆಕ್ನಿಕ್ಕೂ ಹೇಳಿಕೊಟ್ಟಿರಲಿಲ್ಲ. ಹೀಗೆ ಬಡಿದ ಪ್ಲೇಟನ್ನು ಅದರ ಮೇಲಿನ ಪ್ಲೇಟಿಗೆ ಇಟ್ಟು ನೋಡಿ, ನಡುವೆ ಬೆಳಕು ಎಷ್ಟು ಬರಬೇಕೋ ಅಷ್ಟು ಬಂದರೆ ಬಿಡುತ್ತಿದ್ದರು. ಅವರ ಮಗ ಈಗ ಬೇರೆ ಕೆಲಸದಲ್ಲಿದ್ದಾರೆ. ಆ ದಿಮ್ಮಿ ಯಾರ ಕೈಗೆ ಹೋಯಿತೋ. ನಾವು ಈಗ ಪ್ಲೇಟು ಕಟ್ಟಲು ಮೈಸೂರಿಗೆ ಹೋಗುತ್ತೇವೆ, ಅಲ್ಲಿ ಹೊಸ ಪ್ಲೇಟು ಸೇರಿಸಿ ಕೊಡುತ್ತಾರೆ, ಗಾಡಿ ಎತ್ತರಕ್ಕೇನೋ ನಿಲ್ಲುತ್ತದೆ, ಕೂತವರ ಬೆನ್ನು ಮುರಿಯುತ್ತದೆ.

ಗಾಡಿಯನ್ನು ಬದಲಾಯಿಸುವುದು ಈಗಿನವರ ಖಯಾಲಿ ಅಂತ ಕೆಲವರು ಹೇಳುತ್ತಾರೆ. ಹಾಗೇನಿಲ್ಲ. ಅಪ್ಪನ ಪುಸ್ತಕದಲ್ಲಿರುವ ಒಂದು ಗಾಡಿಯೂ ಕಂಪನಿಯಿಂದ ಬಂದ ಹಾಗೆ ಇರಲಿಲ್ಲ. ಕ್ಯಾನ್ವಾಸ್ ಹುಡ್ಡಿನ ಬದಲಿಗೆ ತಗಡಿನ ಛಾವಣಿ, ಹಿಂದೆ ಮುಖಾಮುಖಿ ಉದ್ದ ಬೆಂಚು, ಟ್ರೇಲರ್ ಎಳೆಯಲು ಕೊಕ್ಕೆ. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಪೆಟ್ರೋಲ್ ಜೀಪು ಸಾಕುವುದು ಆಗದೆ ಡೀಸೆಲ್ ಎಂಜಿನ್ ಕೂರಿಸಿಕೊಂಡವರು ಎಷ್ಟೋ ಮಂದಿ. ಮದರಾಸಿನ ಸಿಂಪ್ಸನ್ನಿನಲ್ಲಿ ತಯಾರಾದ ಪರ್ಕಿನ್ಸ್, ಆಮೇಲೆ ಮಟಾಡೋರ್ ವ್ಯಾನಿನ ಎಂಜಿನ್ನು, ಸಿಕ್ಕಿದ್ದು ಹಾಕಿದರು. ಮುಂದಿನ ಚಕ್ರಕ್ಕೆ ಹೋಗುವ ಪ್ರೊಪೆಲರ್ ಶಾಫ್ಟನ್ನೇ ಬಿಚ್ಚಿ ಅಟ್ಟಕ್ಕೆ ಹಾಕಿದವರೂ ಇದ್ದಾರೆ. ರಸ್ತೆಗಳು ಡಾಂಬರು ಕಂಡವು, ಟ್ರ್ಯಾಕ್ಟರು ಬಂತು, ಇನ್ನು ಇದು ಸುಮ್ಮನೆ ತಿರುಗಿ ಡೀಸೆಲ್ ತಿನ್ನುವುದೇಕೆ ಅಂತ. ತಮಾಷೆಯೆಂದರೆ ಈಗ ಅದೇ ಶಾಫ್ಟಿಗಾಗಿ, ಅದೇ ಮುಂದಿನ ಎಕ್ಸಲ್ಲಿಗಾಗಿ ಜನ ಗುಜರಿ ಗುಜರಿ ಅಲೆಯುತ್ತಾರೆ. ದನದ ಕೊಟ್ಟಿಗೆಯಲ್ಲಿ ಹಗ್ಗ ಕಟ್ಟುವ ಗೂಟವಾಗಿದ್ದ ಒಂದು ಮುಂದಿನ ಶಾಫ್ಟನ್ನು ಅಪ್ಪ ಲೇತಿಗೆ ಕಟ್ಟಿ ನೇರ ನೋಡಿ, ಕೀಲುಗಳಿಗೆ ಎರಡು ಕ್ರಾಸು ಹಾಕಿ, ‘ಸಂಗಮದ ಹಸಿರು’ ಗಾಡಿಗೆ ವಾಪಸು ಜೋಡಿಸಿದರು. ಆ ವರ್ಷದ ಮಳೆಗಾಲದಲ್ಲಿ ಕಬ್ಬಿನ ಗದ್ದೆಯ ಬದುವಿನಲ್ಲಿ ಹೂತಿದ್ದ ಆ ಗಾಡಿ, ಪಕ್ಕದ ಸಣ್ಣ ಲಿವರು ಎಳೆದು ಮುಂದಿನ ಚಕ್ರಕ್ಕೂ ಬಲ ಕೊಟ್ಟು, ಆಮೇಲೆ ಲೋ ಹಾಕಿದ ಕೂಡಲೇ ಯಾರ ಹಂಗೂ ಇಲ್ಲದೆ ಎದ್ದು ಬಂದದ್ದನ್ನು ಮಾಲೀಕರು ಊರೆಲ್ಲ ಹೇಳಿಕೊಂಡು ಬಂದರು.

ಈ ಬದಲಾವಣೆಗಳೆಲ್ಲ ಹೊಲ, ಸಂತೆ, ಮದುವೆ, ಆಸ್ಪತ್ರೆ ಕೇಳಿದವು. ಆಮೇಲೆ ಬಂದದ್ದು ಬೇರೆ ಅಲೆ. 2010ರಲ್ಲಿ ಮಹೀಂದ್ರದ ಥಾರ್ ಬಂದಮೇಲೆ ಹಳೇ ಜೀಪಿಗೂ ಬೆಲೆ ಬಂತು. ಹರಿಯಾಣದ ಮಂಡಿ ದಬ್ವಾಲಿಯಲ್ಲಿ ಕಟ್ಟುವಂಥ ಅಗಲ ಟೈರಿನ, ಮಿಂಚುವ ಬಂಪರಿನ ಜೀಪುಗಳ ಚಿತ್ರ ಹಿಡಿದುಕೊಂಡು ಹುಡುಗರು ಬಂದರು. ನಮಗೂ ಹೀಗೇ ಬೇಕು ಅಂತ. ಅವರ ಆಸೆಯನ್ನು ನಾನು ಹೀಗಳೆಯುವುದಿಲ್ಲ. ಅಪ್ಪನ ಗಾಡಿಯೋ ಮಾವನ ಗಾಡಿಯೋ ತುಕ್ಕು ಹಿಡಿಯುತ್ತಿದ್ದದ್ದನ್ನು ಎಬ್ಬಿಸಿಕೊಂಡು ಬಂದವರು ಅವರು, ಪ್ರೀತಿಯಿಲ್ಲದೆ ಯಾರೂ ಅಷ್ಟು ಖರ್ಚು ಮಾಡುವುದಿಲ್ಲ. ಆದರೆ ಕೆಲವು ಕೆಲಸವನ್ನು ಅಪ್ಪ ಮುಟ್ಟಲಿಲ್ಲ.

ಅದರಲ್ಲಿ ಮುಖ್ಯವಾದದ್ದು ಗಾಡಿಯನ್ನು ಎತ್ತರಿಸುವುದು. ಈ ಜೀಪುಗಳಲ್ಲಿ ಪ್ಲೇಟಿನ ಕಟ್ಟು ಎಕ್ಸಲ್ಲಿನ ಕೆಳಗಿರುತ್ತದೆ. ಅದನ್ನು ಕತ್ತರಿಸಿ ಎಕ್ಸಲ್ಲಿನ ಮೇಲೆ ತಂದು ಬೆಸೆದರೆ ಗಾಡಿ ಒಂದೇ ದಿನದಲ್ಲಿ ಗೇಣೆತ್ತರ ಏಳುತ್ತದೆ. ನೋಡಲು ಚೆಂದ. ಆದರೆ ಪ್ರೊಪೆಲರ್ ಶಾಫ್ಟಿನ ಇಳಿಜಾರು ಜಾಸ್ತಿಯಾಗಿ ಕ್ರಾಸು ತಿಂದುಹೋಗುತ್ತದೆ. ಸ್ಟೇರಿಂಗಿನ ಉದ್ದ ರಾಡು ಓರೆಯಾಗಿ ನಿಲ್ಲುವುದರಿಂದ ಹೊಂಡಕ್ಕೆ ಇಳಿದಾಗೆಲ್ಲ ಚಕ್ರ ತಾನೇ ತಿರುಗುತ್ತದೆ. ಜೋರಾಗಿ ಬ್ರೇಕು ಹಿಡಿದರೆ ಎಕ್ಸಲ್ಲು ಪ್ಲೇಟನ್ನೇ ತಿರುಚುತ್ತದೆ. ಅದರ ಮೇಲೆ ಮೂವತ್ತಮೂರು ಇಂಚಿನ ಟೈರು. ಮೂಲದ ಬ್ರೇಕು ಅಷ್ಟು ತೂಕದ ಚಕ್ರ ನಿಲ್ಲಿಸಲು ಮಾಡಿದ್ದಲ್ಲ. ಅಪ್ಪ ಇದನ್ನು ಸಿಟ್ಟಿಲ್ಲದೆ, ಸುಣ್ಣದ ಕಡ್ಡಿಯಲ್ಲಿ ನೆಲದ ಮೇಲೆ ಗೆರೆ ಎಳೆದು ವಿವರಿಸುತ್ತಿದ್ದರು. ಕೇಳಿದವರು ಕೆಲವರು, ಬೇರೆ ಕಡೆ ಮಾಡಿಸಿಕೊಂಡವರು ಹಲವರು.

ಹೊಸದನ್ನೆಲ್ಲ ಬೇಡ ಅನ್ನುವವರಲ್ಲ ಅವರು. ಹಳೇ ಜೀಪಿನ ಬ್ರೇಕು ಒಂದೇ ದಾರಿಯದು. ಒಂದು ಚಕ್ರದ ಹತ್ತಿರ ಪೈಪು ಒಡೆದರೆ ನಾಲ್ಕಕ್ಕೂ ಬ್ರೇಕಿಲ್ಲ. ಅದನ್ನು ಎರಡು ದಾರಿಯ ಮಾಸ್ಟರ್ ಸಿಲಿಂಡರಿಗೆ ಬದಲಿಸಿಕೊಳ್ಳದ ಮಾಲೀಕರನ್ನು ಅಪ್ಪ ಬಿಡುತ್ತಿರಲಿಲ್ಲ. ಬಿಳಿಗಿರಿರಂಗನ ಬೆಟ್ಟ, ಮಾದಪ್ಪನ ಬೆಟ್ಟ ಇಳಿಯುವವರು ನೀವು, ಮನೆಯವರನ್ನ ಕೂರಿಸಿಕೊಂಡು ಹೋಗ್ತೀರಿ ಅನ್ನುತ್ತಿದ್ದರು. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದರು, ಸೀಟು ಬೆಲ್ಟಿಗೆ ಛಾಸಿಗೆ ಸೇರಿದ ಗಟ್ಟಿ ಬ್ರ್ಯಾಕೆಟ್ಟು ಮಾಡಿಕೊಟ್ಟರು. ಭುಜದ ನೋವಿನ ಹಿರಿಯರೊಬ್ಬರಿಗೆ ಪವರ್ ಸ್ಟೇರಿಂಗ್ ಕೂರಿಸಿದರು. ಇವೆಲ್ಲಕ್ಕೂ ಒಂದೇ ಷರತ್ತು: ಛಾಸಿಯನ್ನು ಕತ್ತರಿಸಬಾರದು, ಬೋಲ್ಟಿನಲ್ಲಿ ಕೂರಿಸಬೇಕು, ಬೇಡವಾದ ದಿನ ಬಿಚ್ಚಿ ಮೊದಲಿನ ಹಾಗೆ ಮಾಡಲು ಬರಬೇಕು. ತೆಗೆದ ಮೂಲ ಭಾಗವನ್ನು ಗ್ರೀಸು ಬಳಿದು, ಚೀಲದಲ್ಲಿ ಕಟ್ಟಿ, ಮಾಲೀಕರ ಕೈಗೇ ಕೊಡುತ್ತಿದ್ದರು. ಗುಜರಿಗೆ ಹಾಕಬೇಡಿ, ಅಟ್ಟದ ಮೇಲಿಡಿ ಅಂತ.

2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ ಅಂತ ತೀರ್ಪು ಕೊಟ್ಟಾಗ ಶೆಡ್ಡಿನಲ್ಲಿ ದೊಡ್ಡ ಚರ್ಚೆಯೇ ಆಯಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮೊದಲಿನಿಂದ ಇದ್ದದ್ದೇ. ಅಳತೆ ಮೀರಿದ ಟೈರು, ಕಣ್ಣು ಕುಕ್ಕುವ ಲೈಟು, ಕತ್ತರಿಸಿದ ಛಾಸಿ ರಸ್ತೆಯಲ್ಲಿ ಇರಬಾರದು ಅನ್ನುವುದನ್ನು ನಾನೂ ಪೂರ್ತಿ ಒಪ್ಪುತ್ತೇನೆ. ನನಗೆ ಸಂಕಟವಾಗುವುದು ಬೇರೆ ಕಡೆ. ಹದಿನೈದು ವರ್ಷವಾದ ಗಾಡಿಯನ್ನು ಪರೀಕ್ಷೆ ಮಾಡಿಸಿ, ಆಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು, 2025ರಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ 10,000 ಆಯಿತು. ಅಗಲ ಟೈರು ಹಾಕಿಸಿಕೊಳ್ಳುವವರಿಗೆ ಇದು ಲೆಕ್ಕಕ್ಕಿಲ್ಲ. ವಾರಕ್ಕೊಮ್ಮೆ ಸಂತೆಗೆ ಹೋಗಿ ಬರುವ, ಹೊಗೆ ಬಾರದ ಹಾಗೆ ನಾಝಲ್ಲು ನೋಡಿಕೊಂಡಿರುವ ರೈತರಿಗೆ ಇದು ಭಾರ. ಎರಡು ಗಾಡಿಗಳು ಈ ಕಾರಣಕ್ಕೇ ನಮ್ಮ ಪುಸ್ತಕದಿಂದ ಗುಜರಿಗೆ ಹೋದವು. ಅವುಗಳ ನಕಲ್ಲು ನಾವು ಕೂರಿಸಿದಂತೆಯೇ ಬಿಗಿಯಾಗಿತ್ತು.

ನನ್ನದೇ ಗಾಡಿ ಕೊಡಗಿನ ಒಂದು ಕಾಫಿ ತೋಟದಲ್ಲಿ ದುಡಿದು ಬಂದ ಎಂಎಂ540. ಕೆಲಸಕ್ಕೆ ಸೇರಿ ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ತಂದುಕೊಂಡೆ. ಹೆಣ್ಣುಮಗಳಿಗೆ ಇದ್ಯಾಕೆ, ಸ್ಕೂಟರ್ ಸಾಲದೆ ಅಂದ ನೆಂಟರಿಗೆ ಅಪ್ಪ ಉತ್ತರ ಕೊಡಲಿಲ್ಲ. ಕ್ಲಚ್ ಪೆಡಲ್ಲಿನ ಎತ್ತರವನ್ನು ನನ್ನ ಕಾಲಿಗೆ ಹೊಂದುವ ಹಾಗೆ ಮಾಡಿಕೊಟ್ಟರು. ಅದರ ಪುಟಕ್ಕೆ ‘ನಮ್ಮ ಮನೆ’ ಅಂತ ತಲೆಬರಹ ಬರೆದರು.

2019ರ ಆಗಸ್ಟಿನಲ್ಲಿ ಕಪಿಲೆ ತುಂಬಿ ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿಯ ಮೇಲೇ ನೀರು ಹರಿಯಿತು. ಹಿಂದಿನ ವರ್ಷವೂ ಹಾಗೇ ಆಗಿತ್ತು. ಮೈಸೂರು–ನಂಜನಗೂಡು ದಾರಿ ಬಂದ್. ಊರೊಳಗಿನ ತಗ್ಗಿನ ಮನೆಗಳಿಂದ ಸಾಮಾನು ಎತ್ತಲು ಜೀಪಿದ್ದವರೆಲ್ಲ ಇಳಿದರು. ನೀರು ಇಳಿದ ಮರುದಿನದಿಂದ ಶೆಡ್ಡಿನ ಮುಂದೆ ಸಾಲು. ಎಂಜಿನ್ ಚೆನ್ನಾಗಿದೆ, ಗಾಡಿ ಓಡುತ್ತಿದೆ, ಇನ್ನೇನು ಅಂದವರಿಗೆ ಅಪ್ಪ ಎಕ್ಸಲ್ ಹೌಸಿಂಗಿನ ಕೆಳಗಿನ ಬಿರಡೆ ಬಿಚ್ಚಿ ತೋರಿಸಿದರು. ಉಸಿರಾಡುವ ತೂತಿನಿಂದ ಒಳಗೆ ನೀರು ಹೋಗಿ ಗೇರ್ ಆಯಿಲ್ಲು ಬೆಳ್ಳಗೆ ಸುರಿಯಿತು. ಹಾಗೇ ಬಿಟ್ಟಿದ್ದರೆ ಕ್ರೌನು ಪಿನಿಯನ್ನು ತುಕ್ಕು ತಿಂದು, ಮುಂದಿನ ಬೇಸಿಗೆಯಲ್ಲಿ ಯಾವುದೋ ದಾರಿಯಲ್ಲಿ ಹಲ್ಲು ಉದುರುತ್ತಿತ್ತು. ಪ್ರತಿ ಗಾಡಿಯದೂ ಖಾಲಿ ಮಾಡಿ, ಡೀಸೆಲ್ಲಿನಲ್ಲಿ ಜಾಲಾಡಿ, ಹೊಸ ಆಯಿಲ್ಲು ತುಂಬಿ, ಉಸಿರಾಟದ ತೂತಿಗೆ ಉದ್ದ ರಬ್ಬರ್ ಪೈಪು ಸಿಕ್ಕಿಸಿ ಬಾನೆಟ್ಟಿನತನಕ ಎಳೆದು ಕಟ್ಟಿದೆವು. ನಾನು ನೋಡಿದ ಬದಲಾವಣೆಗಳಲ್ಲಿ ಅತ್ಯಂತ ಅಗ್ಗದ್ದು, ಅತ್ಯಂತ ಉಪಯೋಗದ್ದು ಅದೇ. ಜನರ ಸಾಮಾನು ಎತ್ತಿದ ಗಾಡಿಗಳಿಗೆ ಅಪ್ಪ ಕೂಲಿ ತೆಗೆದುಕೊಳ್ಳಲಿಲ್ಲ, ಆಯಿಲ್ಲಿನ ದುಡ್ಡಷ್ಟೇ.

ಅಪ್ಪನಿಗೆ ಈಗ ಕಣ್ಣು ಮಂಜು. ಲೇತನ್ನು ಅವರ ಕೈಕೆಳಗೆ ಕಲಿತ ಹುಡುಗ ನಡೆಸುತ್ತಿದ್ದಾನೆ, ಪುಸ್ತಕ ನಾನು ಬರೆಯುತ್ತೇನೆ. ಅದರಲ್ಲಿ ಸದ್ಯಕ್ಕೆ ತೆರೆದಿರುವ ಪುಟ ‘ತಲಕಾಡು ಪೆಟ್ರೋಲು’.

ಹೆಸರು ಹಾಗಿದ್ದರೂ ಅದು ಓಡುತ್ತಿದ್ದದ್ದು ಡೀಸೆಲ್ಲಿನಲ್ಲಿ. 1960ರ ದಶಕದ ಸಿಜೆ3ಬಿ. ಈಗಿನ ಮಾಲೀಕರ ತಂದೆ ಎಂಬತ್ತರ ದಶಕದಲ್ಲಿ ಅದಕ್ಕೆ ಮಟಾಡೋರ್ ಎಂಜಿನ್ ಕೂರಿಸಿದ್ದರು. ಆ ಎಂಜಿನ್ನು ಈಗ ರಿಪೇರಿಗೆ ಮೀರಿದ್ದು. ಗಾಡಿಯನ್ನು ಏನು ಮಾಡುವುದು ಅಂತ ಮಾಲೀಕರು ಕೇಳಲು ಬಂದಾಗ ಅಪ್ಪ ಮನೆಯಿಂದ ಫೋನಿನಲ್ಲಿ ಕೇಳಿದ್ದು ಒಂದೇ: ‘ಹಳೇ ಎಂಜಿನ್ನು ಏನ್ ಮಾಡಿದ್ರು ನಿಮ್ಮ ತಂದೆಯವರು?’ ಹುಲ್ಲಿನ ಮನೆಯಲ್ಲಿ ಇತ್ತು. ಹಲಗೆಯ ಮೇಲೆ, ಟಾರ್ಪಾಲು ಹೊದ್ದುಕೊಂಡು, ಪ್ಲಗ್ಗಿನ ತೂತುಗಳಿಗೆ ಬಟ್ಟೆ ತುರುಕಿಸಿಕೊಂಡು. ಅದನ್ನು ಬಿಚ್ಚಿಟ್ಟ ಮೇಸ್ತ್ರಿ ಯಾರೋ ನಮಗೆ ಗೊತ್ತಿಲ್ಲ. ಛಾಸಿಯನ್ನು ಎಲ್ಲೂ ಕತ್ತರಿಸಿಲ್ಲ. ಡೀಸೆಲ್ ಎಂಜಿನ್ನಿಗೆ ಮಾಡಿದ ಮೌಂಟುಗಳೆಲ್ಲ ಬೋಲ್ಟಿನವು, ಮೂಲದ ಮೌಂಟಿನ ತೂತು ಹಾಗೇ ಇವೆ. ನಾನು ಕೆಳಗೆ ಮಲಗಿ ಅದನ್ನು ನೋಡಿದಾಗ ಆ ಅಪರಿಚಿತ ಕೈಗೆ ನಮಸ್ಕಾರ ಮಾಡಬೇಕು ಅನ್ನಿಸಿತು.

ಹುಲ್ಲಿನ ಮನೆಯಲ್ಲಿದ್ದದ್ದು ಹರಿಕೇನ್ ಅನ್ನುವ ಎಂಜಿನ್ನು, 2199 ಸಿಸಿ. ಅದರ ಕಟ್ಟಡವೇ ವಿಚಿತ್ರ. ಗಾಳಿ ಎಳೆದುಕೊಳ್ಳುವ ವಾಲ್ವು ಮೇಲಿನ ಹೆಡ್ಡಿನಲ್ಲಿ, ಹೊಗೆ ಬಿಡುವ ವಾಲ್ವು ಕೆಳಗಿನ ಬ್ಲಾಕಿನಲ್ಲಿ. ಹೀಗೆ ಎಂಜಿನ್ ಎತ್ತರವಾದ್ದರಿಂದಲೇ ಸಿಜೆ3ಬಿಯ ಬಾನೆಟ್ಟೂ ಎತ್ತರ. ಮಾಲೀಕರ ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಾಳೆ, ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ತಂದ ವಿಂಟೇಜ್ ನೋಂದಣಿಗೆ ಹಾಕೋಣ ಅಂದಳು. ಮೂಲ ಎಂಜಿನ್ ಕೂತರೆ ಗಾಡಿ ಅದಕ್ಕೆ ಹತ್ತಿರ ಬರುತ್ತದೆ. ಆದರೆ ಆ ನೋಂದಣಿಯ ಗಾಡಿಯನ್ನು ದಿನಬಳಕೆಗೆ ರಸ್ತೆಯಲ್ಲಿ ಓಡಿಸುವಂತಿಲ್ಲ, ಪ್ರದರ್ಶನಕ್ಕೆ, ರ‍್ಯಾಲಿಗೆ ಅಷ್ಟೇ. ‘ಗದ್ದೆಗೆ ಹೋಗ್ಬಾರ್ದು, ಸಂತೆಗೆ ಹೋಗ್ಬಾರ್ದು ಅಂದ್ರೆ ಗಾಡಿ ಯಾತಕ್ಕವ್ವ?’ ಅಂತ ಅವಳ ತಂದೆ ಕೇಳಿದರು. ಅಲ್ಲಿಗೆ ಆ ಮಾತು ನಿಂತಿತು. ಆರ್‌ಸಿಯಲ್ಲಿ ಡೀಸೆಲ್ ಅಂತ ಇರುವುದನ್ನು ಮತ್ತೆ ಪೆಟ್ರೋಲಿಗೆ ಬದಲಿಸಲು ಆರ್‌ಟಿಒಗೆ ಅರ್ಜಿ ಹೋಗಿದೆ.

ಬ್ಲಾಕು ಬೋರಿಗೆ ಹೋಗಿ ಬಂದಿದೆ, ಓವರ್‌ಸೈಜ್ ಪಿಸ್ಟನ್ನು ಶಿವಾಜಿನಗರದಲ್ಲಿ ಸಿಕ್ಕಿದವು. ಕ್ರ್ಯಾಂಕು ಪಾಲಿಶಿನಲ್ಲೇ ಸರಿಹೋಯಿತು. ಕೆಳಗಿನ ವಾಲ್ವುಗಳ ಗೈಡು ಎಲ್ಲೂ ಸಿಗದೆ ಲೇತಿನಲ್ಲೇ ಕಡೆದಿದ್ದೇವೆ, ಬೀಡಿನದು. ಅಳತೆಯನ್ನು ಅಪ್ಪನಿಗೆ ಓದಿ ಹೇಳಿದಾಗ, ಎಕ್ಸಾಸ್ಟಿನವು, ಕೂದಲೆಳೆಯಷ್ಟು ಸಡಿಲ ಬಿಡಿ, ಕಾದಾಗ ಹಿಡ್ಕೊಳ್ತದೆ ಅಂದರು, ಹಾಗೇ ಮಾಡಿ ಬರೆದಿಟ್ಟಿದ್ದೇನೆ. ಡೀಸೆಲ್ ಎಂಜಿನ್ನಿನ ಮೌಂಟುಗಳನ್ನು ಗ್ರೀಸು ಬಳಿದು ಚೀಲಕ್ಕೆ ಕಟ್ಟಿ ಮಾಲೀಕರಿಗೆ ಕೊಟ್ಟಾಯಿತು. ಕಾರ್ಬುರೇಟರ್ ಒಂದು ಬಾಕಿ ಇದೆ. ಭತ್ತದ ಕಟಾವು ಮುಗಿದು ಅವರಿಗೆ ಪುರುಸೊತ್ತಾದ ವಾರ ಎಂಜಿನ್ ಇಳಿಸುವುದು ಅಂತ ಮಾತಾಗಿದೆ.